ರೋಗಿಯ ಒಪ್ಪಿಗೆ ಒಪ್ಪಿಗೆಯೇ?

ಬೆಳಗಿನ ಹೊತ್ತು ತ್ಯಾವರೆಕೊಪ್ಪದಿಂದ ಶಿವಮೊಗ್ಗಕ್ಕೆ ಹೋಗುವ ಬಸ್ಸಿನಲ್ಲಿ ಇಬ್ಬರು ಕುಳಿತಿದ್ದಾರೆಂದು ಭಾವಿಸಿಕೊಳ್ಳಿ. ಒಬ್ಬಾತ ಈದ್‌ಗೆ ಮಕ್ಕಳ ಬಟ್ಟೆ ಕೊಳ್ಳಲು ಗಾಂಧಿ ಬಜಾರಿಗೆ ಹೊರಟಿದ್ದಾನೆ. ಇನ್ನೊಬ್ಬಾಕೆ ಒಬ್ಬ ತಾಯಿ. ಆಕೆಯ ಸೆರಗಿನ ತುದಿಯಲ್ಲಿ ಒಂದಿಷ್ಟು ಹಣ, ಕೈಯಲ್ಲಿ ವೈದ್ಯರು ಬರೆದುಕೊಟ್ಟ ಚೀಟಿ. ಬಟ್ಟೆಯಂಗಡಿಯವನು ಹೆಚ್ಚು ಬೆಲೆ ಹೇಳಿದರೆ ಮೊದಲನೆಯವನು ಚೌಕಾಸಿ ಮಾಡುತ್ತಾನೆ. ಒಪ್ಪಿಗೆಯಾಗದಿದ್ದರೆ ಪಕ್ಕದ ಅಂಗಡಿಗೆ ಹೋಗುತ್ತಾನೆ. ಅಲ್ಲಿಯೂ ಸರಿಬರದಿದ್ದರೆ ಹಳೆಯ ಬಟ್ಟೆಯನ್ನೇ ಒಗೆದು ಇಸ್ತ್ರಿ ಮಾಡಿಸಿ ಹಬ್ಬ ಆಚರಿಸುತ್ತಾನೆ. ಅದರಿಂದ ಯಾರ ಪ್ರಾಣವೂ ಹೋಗದು.

ಆದರೆ ಆ ತಾಯಿ? ಚೀಟಿಯಲ್ಲಿ ಬರೆದಿರುವುದನ್ನು ಓದಲು ಆಕೆಗೆ ಬಾರದು. ಬರೆದವರು ವೈದ್ಯರು, ಕೊಡುವವನು ಅಂಗಡಿಯವನು, ಬೆಲೆ ನಿರ್ಧರಿಸಿದವರು ಎಲ್ಲೋ ದೂರದ ಕಂಪೆನಿಯವರು. ಹಣ ಕೊಡಬೇಕಾದವಳು ಮಾತ್ರ ಆಕೆ. ಆಕೆ ಚೌಕಾಸಿ ಮಾಡುವಂತಿಲ್ಲ, ಬೇಡವೆಂದು ಎದ್ದು ಹೋಗುವಂತಿಲ್ಲ, ಮುಂದಿನ ತಿಂಗಳು ನೋಡೋಣ ಎನ್ನುವಂತೆಯೂ ಇಲ್ಲ. ಮನೆಯಲ್ಲಿ ಮಗು ಮಲಗಿದೆ. ಹೇಳಿದಷ್ಟು ಕೊಟ್ಟು ಆಕೆ ಮದ್ದು ತರುತ್ತಾಳೆ. ಬಿಲ್ಲು ಸರಿಯಾಗಿದೆ, ತೂಕದಲ್ಲಿ ಮೋಸವಿಲ್ಲ, ಬಲಾತ್ಕಾರವನ್ನೂ ಯಾರೂ ಮಾಡಿಲ್ಲ.

ಪ್ರಿಯ ಓದುಗರೇ, ಈಗ ಒಂದು ಪ್ರಶ್ನೆಗೆ ಉತ್ತರಿಸಿ. ಈ ಇಬ್ಬರೂ ಮಾಡಿದ್ದು ಒಂದೇ ರೀತಿಯ ವ್ಯಾಪಾರವೇ? ಪರಸ್ಪರರ ಸೊತ್ತನ್ನು ಅನ್ಯಾಯವಾಗಿ ತಿನ್ನಬಾರದೆಂದೂ, ಪರಸ್ಪರ ಸಂತೃಪ್ತಿಯಿಂದ ನಡೆಯುವ ವ್ಯಾಪಾರವು ಮಾತ್ರ ಧರ್ಮಬದ್ಧವೆಂದೂ ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 29ನೇ ಸೂಕ್ತ ನಮಗೆ ಕಲಿಸುತ್ತದೆ. ಬಟ್ಟೆ ಕೊಂಡವನ ಸಂತೃಪ್ತಿ ನಮಗೆ ಅರ್ಥವಾಗುತ್ತದೆ. ಆದರೆ ಸಾವಿನ ಭಯದಿಂದ ಹಣ ಎಣಿಸಿಕೊಟ್ಟವಳ ಮೌನವನ್ನು ಸಂತೃಪ್ತಿ ಎನ್ನಬಹುದೇ? ಔಷಧ ವ್ಯಾಪಾರದ ಕುರಿತ ನೈತಿಕ ಪ್ರಶ್ನೆಗಳೆಲ್ಲ ಇದೊಂದೇ ಪ್ರಶ್ನೆಯಿಂದ ಹುಟ್ಟಿಕೊಂಡವು.

ಲಾಭ ಪಾಪವಲ್ಲ

ಮೊದಲು ಒಂದು ತಪ್ಪು ಕಲ್ಪನೆಯನ್ನು ದೂರ ಮಾಡಿಕೊಳ್ಳೋಣ. ಇಸ್ಲಾಮ್ ವ್ಯಾಪಾರದ ವಿರೋಧಿಯಲ್ಲ, ಲಾಭದ ವಿರೋಧಿಯೂ ಅಲ್ಲ. ಪ್ರವಾದಿ ಮುಹಮ್ಮದ್(ಸ)ರು ಸ್ವತಃ ವ್ಯಾಪಾರಿಯಾಗಿದ್ದರು. ಮದೀನಾದಲ್ಲಿ ಒಮ್ಮೆ ಬೆಲೆಗಳು ಏರಿದಾಗ ಜನರು ಬಂದು ಬೆಲೆ ನಿಗದಿಪಡಿಸಬೇಕೆಂದು ವಿನಂತಿಸಿದರು. ಪ್ರವಾದಿವರ್ಯರು(ಸ) ಅದಕ್ಕೆ ಒಪ್ಪಲಿಲ್ಲ. ಬೆಲೆಯ ಏರಿಳಿತ ಅಲ್ಲಾಹನ ಕೈಯಲ್ಲಿದೆ, ಯಾರ ಪ್ರಾಣ ಅಥವಾ ಸೊತ್ತಿನ ವಿಷಯದಲ್ಲೂ ಅನ್ಯಾಯದ ಹೊರೆ ಹೊತ್ತು ಅವನನ್ನು ಭೇಟಿಯಾಗಲು ನಾನು ಬಯಸುವುದಿಲ್ಲ ಎಂಬರ್ಥದ ಮಾತನ್ನು ಹೇಳಿದರು. ಹ. ಅನಸ್(ರ)ರಿಂದ ವರದಿಯಾದ ಈ ಹದೀಸ್ ಅಬೂದಾವೂದ್ ಮತ್ತು ತಿರ್ಮಿದಿಗಳಲ್ಲಿದೆ.

ಈ ಹದೀಸನ್ನು ಮುಂದಿಟ್ಟುಕೊಂಡು, ಕಂಪೆನಿಗಳು ಎಷ್ಟು ಬೇಕಾದರೂ ಬೆಲೆ ಇಟ್ಟುಕೊಳ್ಳಲಿ, ನಾವು ಕೇಳುವಂತಿಲ್ಲ ಎನ್ನುವವರಿದ್ದಾರೆ. ಆದರೆ ಅದೇ ಪ್ರವಾದಿ(ಸ)ಯವರ ಇತರ ಆದೇಶಗಳನ್ನೂ ಜೊತೆಗಿಟ್ಟು ನೋಡಬೇಡವೇ? ಜನರಿಗೆ ಅಗತ್ಯವಾದುದನ್ನು ಬೆಲೆಯೇರಲೆಂದು ಕೂಡಿಡುವವನನ್ನು ಅವರು ಅಪರಾಧಿ ಎಂದು ಕರೆದಿದ್ದಾರೆ. ಹಳ್ಳಿಯಿಂದ ಸರಕು ತರುವವರನ್ನು ಸಂತೆಗೆ ಮುಟ್ಟುವ ಮೊದಲೇ ದಾರಿಯಲ್ಲಿ ಅಡ್ಡಗಟ್ಟಿ ಕೊಳ್ಳುವುದನ್ನು ನಿಷೇಧಿಸಿದ್ದಾರೆ. ಏಕೆಂದರೆ ಸಂತೆಯ ಧಾರಣೆ ತಿಳಿಯದವನ ಅಜ್ಞಾನವೇ ಅಲ್ಲಿ ಬಂಡವಾಳ. ಅಂದರೆ, ಸಂತೆ ತೆರೆದಿರುವಾಗ, ಮಾರುವವರು ಹಲವರಿರುವಾಗ, ಕೊಳ್ಳುವವನಿಗೆ ತಿಳಿವಳಿಕೆ ಇರುವಾಗ ಬೆಲೆಯನ್ನು ಅದರ ಪಾಡಿಗೆ ಬಿಡಬೇಕು. ಸಂತೆಯ ಬಾಗಿಲಿಗೇ ಅಗಣಿ ಹಾಕಿಕೊಂಡು, ಬೆಲೆ ಅಲ್ಲಾಹನದ್ದು ಎಂದು ಹೇಳುವುದು ಆ ಹದೀಸಿನ ದುರುಪಯೋಗವಾಗುತ್ತದೆ.

ಕೂಡಿಡುವುದರ ನಿಷೇಧವು ಯಾವ ವಸ್ತುಗಳಿಗೆ ಅನ್ವಯಿಸುತ್ತದೆ ಎಂಬುದರ ಬಗ್ಗೆ ಇಮಾಮರುಗಳಲ್ಲಿ ಭಿನ್ನಾಭಿಪ್ರಾಯವಿದೆ. ಇಮಾಮ್ ಅಬೂಹನೀಫಾ(ರ)ರು ಅದನ್ನು ಆಹಾರ ಪದಾರ್ಥಗಳಿಗೆ ಸೀಮಿತಗೊಳಿಸಿದರು. ಅವರ ಶಿಷ್ಯರೇ ಆದ ಅಬೂಯೂಸುಫ್(ರ)ರು, ಯಾವ ವಸ್ತುವನ್ನು ತಡೆದಿಟ್ಟರೆ ಜನರಿಗೆ ಹಾನಿಯಾಗುವುದೋ ಅವೆಲ್ಲಕ್ಕೂ ಈ ನಿಷೇಧ ಅನ್ವಯವಾಗುತ್ತದೆಂದರು. ತಡೆದಿಟ್ಟರೆ ಹಾನಿಯಾಗುವ ವಸ್ತುಗಳ ಪಟ್ಟಿ ಮಾಡಲು ನಿಮಗೆ ಹೇಳಿದರೆ, ಅಕ್ಕಿಯ ನಂತರ ನೀವು ಬರೆಯುವ ಎರಡನೇ ಹೆಸರು ಯಾವುದು? ಮದ್ದು ತಾನೇ?

ಬಾಗಿಲಿಗೆ ಅಗಣಿ

ಸಂತೆಯ ಬಾಗಿಲಿಗೆ ಅಗಣಿ ಹಾಕುವುದೆಂದರೇನು ಎಂಬುದಕ್ಕೆ ಬಹಳ ದೂರ ಹೋಗಬೇಕಾಗಿಲ್ಲ. ನಮ್ಮ ಕರ್ನಾಟಕದ್ದೇ ಒಂದು ಪ್ರಕರಣವಿದೆ. ಬೆಂಗಳೂರಿನ ಮಾರುತಿ ಆ್ಯಂಡ್ ಕಂಪೆನಿ ಎಂಬ ಔಷಧ ವಿತರಕ ಸಂಸ್ಥೆಯು 2013ರಲ್ಲಿ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿತು. ಕಂಪೆನಿಯೊಂದರ ಔಷಧಗಳ ಸ್ಟಾಕಿಸ್ಟ್ ಆಗಬೇಕಾದರೆ ಕರ್ನಾಟಕ ಔಷಧ ವ್ಯಾಪಾರಿಗಳ ಸಂಘದಿಂದ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ ತರಬೇಕು, ಅದಿಲ್ಲದಿದ್ದರೆ ಸರಕು ಸಿಗುವುದಿಲ್ಲ ಎಂಬುದು ದೂರಿನ ತಿರುಳು. ತನಿಖೆ ನಡೆಯಿತು. 2016ರ ಜುಲೈಯಲ್ಲಿ ಆಯೋಗವು ಸಂಘಕ್ಕೂ ಲೂಪಿನ್ ಕಂಪೆನಿಗೂ ದಂಡ ವಿಧಿಸಿತು. ಕಂಪೆನಿಯ ಮೇಲಿನ ದಂಡ ಸುಮಾರು 73 ಕೋಟಿ ರೂಪಾಯಿಗಳದ್ದು. ಕಂಪೆನಿ ಮೇಲ್ಮನವಿ ಹೋಯಿತು, ಅದೇ ವರ್ಷದ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದರ ಮೇಲಿನ ದಂಡವನ್ನು ರದ್ದುಪಡಿಸಿತು. ಆದ್ದರಿಂದ ಆ ಕಂಪೆನಿಯನ್ನು ನಾವು ಅಪರಾಧಿ ಎನ್ನುವಂತಿಲ್ಲ. ಆದರೆ ಎನ್‌ಒಸಿ ಎಂಬ ಈ ಪದ್ಧತಿ ಒಂದು ಊರಿನದಲ್ಲ, ಒಂದು ರಾಜ್ಯದ್ದೂ ಅಲ್ಲ. ಒರಿಸ್ಸಾದ ವಿತರಕರೊಬ್ಬರ ದೂರಿನ ಮೇಲೆ 2013ರ ಫೆಬ್ರವರಿಯಲ್ಲಿ ಆಯೋಗವು ಔಷಧ ವ್ಯಾಪಾರಿಗಳ ಅಖಿಲ ಭಾರತ ಸಂಘಟನೆಗೇ 47 ಲಕ್ಷ ರೂಪಾಯಿಗೂ ಮಿಕ್ಕಿ ದಂಡ ಹಾಕಿತ್ತು.

ವ್ಯಾಪಾರಿಗಳು ಸಂಘ ಕಟ್ಟಿಕೊಳ್ಳುವುದು ತಪ್ಪೇ? ಖಂಡಿತ ಅಲ್ಲ. ಕಷ್ಟದಲ್ಲಿರುವ ಸದಸ್ಯನಿಗೆ ನೆರವಾಗಲು, ಕಲಬೆರಕೆ ಮತ್ತು ನಕಲಿ ಮದ್ದನ್ನು ತಡೆಯಲು, ಸರಕಾರದ ಮುಂದೆ ಬೇಡಿಕೆ ಇಡಲು ಸಂಘ ಬೇಕು. ಸಣ್ಣ ಅಂಗಡಿಯವನಿಗೆ ದೊಡ್ಡ ಕಂಪೆನಿಯ ಎದುರು ನಿಲ್ಲಲು ಬಲ ಬೇಡವೇ ಎಂದು ಕೇಳಿದರೆ ಅದೂ ನ್ಯಾಯವಾದ ಪ್ರಶ್ನೆಯೇ. ಆದರೆ ಹೊಸಬನು ಅಂಗಡಿ ತೆರೆಯಬೇಕೋ ಬೇಡವೋ ಎಂಬುದನ್ನು ಹಳಬರು ಸೇರಿ ತೀರ್ಮಾನಿಸತೊಡಗಿದಾಗ ಆ ಬಲವು ಗುರಾಣಿಯಾಗಿ ಉಳಿಯುವುದಿಲ್ಲ, ಕತ್ತಿಯಾಗುತ್ತದೆ. ಅದರ ಗಾಯ ಕೊನೆಗೆ ಆಗುವುದು ಚೀಟಿ ಹಿಡಿದು ಬಂದ ಆ ತಾಯಿಗೆ.

ಈ ವಿಷಯದಲ್ಲಿ ನಮ್ಮ ವಿದ್ವಾಂಸರು ಆರೇಳು ನೂರು ವರ್ಷಗಳ ಹಿಂದೆಯೇ ಹೇಳಿದ್ದನ್ನು ಓದಿದರೆ ಆಶ್ಚರ್ಯವಾಗುತ್ತದೆ. 1328ರಲ್ಲಿ ತೀರಿಕೊಂಡ ಇಮಾಮ್ ಇಬ್ನು ತೈಮಿಯ್ಯಾ(ರ)ರು ಹಿಸ್ಬಾದ ಕುರಿತಾದ ತಮ್ಮ ಗ್ರಂಥದಲ್ಲಿ ಬೆಲೆ ನಿಗದಿಯ ಪ್ರಶ್ನೆಯನ್ನು ವಿವರವಾಗಿ ಚರ್ಚಿಸಿದ್ದಾರೆ. ಒಂದು ಸರಕನ್ನು ಇಂತಿಂಥವರೇ ಮಾರಬೇಕು, ಬೇರೆಯವರು ಮಾರಕೂಡದು ಎಂಬ ಸ್ಥಿತಿಯನ್ನು ತಂದೊಡ್ಡಿದಾಗ, ಅಂಥವರ ಮೇಲೆ ನ್ಯಾಯವಾದ ಬೆಲೆಯನ್ನು ವಿಧಿಸುವುದು ಆಡಳಿತದ ಕರ್ತವ್ಯವಾಗುತ್ತದೆ ಎಂಬುದು ಅವರ ನಿಲುವು. ಆಸ್ತಿ ಪಾಲು ಮಾಡಿಕೊಟ್ಟು ಕೂಲಿ ಪಡೆಯುವವರು ಒಂದಾಗಿ ಕೂಟ ಕಟ್ಟಿಕೊಳ್ಳುವುದನ್ನು ಅಬೂಹನೀಫಾ(ರ) ಮತ್ತು ಅವರ ಸಂಗಡಿಗರು ತಡೆದುದನ್ನು ಅವರು ಅಲ್ಲಿ ನೆನಪಿಸುತ್ತಾರೆ. ಜನರಿಗೆ ಅವರಿಲ್ಲದೆ ವಿಧಿಯಿಲ್ಲ, ಕೂಟವಾದರೆ ಕೂಲಿ ಏರುತ್ತದೆ ಎಂಬುದೇ ಅದಕ್ಕೆ ಕಾರಣ. ಇಂದು ದಿಲ್ಲಿಯ ಆಯೋಗವೊಂದು ಕಡತಗಳನ್ನು ತಿರುವಿ ಹೇಳುವುದೂ ಹೆಚ್ಚುಕಡಿಮೆ ಇದನ್ನೇ ಅಲ್ಲವೇ?

ಸಿಂಹ ಮತ್ತು ಬೇಲಿ

ತ್ಯಾವರೆಕೊಪ್ಪ ಎಂದೊಡನೆ ಹೊರಗಿನವರಿಗೆ ನೆನಪಾಗುವುದು 1988ರಲ್ಲಿ ಆರಂಭವಾದ ಅಲ್ಲಿನ ಹುಲಿ ಮತ್ತು ಸಿಂಹಧಾಮ. ಮಕ್ಕಳನ್ನು ಕರೆದುಕೊಂಡು ನೀವೂ ಹೋಗಿರಬಹುದು. ಅಲ್ಲಿ ಸಿಂಹವು ಬಲಶಾಲಿಯಾಗಿರುವುದಕ್ಕೆ ಯಾರೂ ಅದನ್ನು ಶಿಕ್ಷಿಸುವುದಿಲ್ಲ. ಬಲ ಅದರ ಸ್ವಭಾವ. ಆದರೆ ಅದಕ್ಕೂ ನೋಡಲು ಬಂದ ಮಕ್ಕಳಿಗೂ ನಡುವೆ ಬೇಲಿ ಮಾತ್ರ ಇರಲೇಬೇಕು.

ನಮ್ಮ ದೇಶದ ಕಾನೂನೂ ಇದೇ ತತ್ವದ ಮೇಲೆ ನಿಂತಿದೆ. 1969ರ ಏಕಸ್ವಾಮ್ಯ ಮತ್ತು ನಿರ್ಬಂಧಿತ ವ್ಯಾಪಾರ ಪದ್ಧತಿಗಳ ಕಾಯ್ದೆಯ ಜಾಗದಲ್ಲಿ 2002ರ ಸ್ಪರ್ಧಾ ಕಾಯ್ದೆ ಬಂತು. ಅದರ ಮುಖ್ಯ ವಿಧಿಗಳು 2009ರ ಮೇ 20ರಿಂದ ಜಾರಿಯಾದವು. ಅದರ 3ನೇ ವಿಧಿ, ವ್ಯಾಪಾರಿಗಳು ಪರಸ್ಪರ ಮಾತಾಡಿಕೊಂಡು ಸ್ಪರ್ಧೆಯನ್ನು ಕೊಲ್ಲುವ ಒಪ್ಪಂದಗಳನ್ನು ತಡೆಯುತ್ತದೆ. 4ನೇ ವಿಧಿ, ಮಾರುಕಟ್ಟೆಯಲ್ಲಿ ಪ್ರಾಬಲ್ಯವಿರುವವನು ಆ ಪ್ರಾಬಲ್ಯವನ್ನು ದುರುಪಯೋಗಪಡಿಸುವುದನ್ನು ತಡೆಯುತ್ತದೆ. ಗಮನಿಸಿ, ದೊಡ್ಡವನಾಗುವುದು ಅಪರಾಧವಲ್ಲ. ದೊಡ್ಡಸ್ತಿಕೆಯಿಂದ ಇನ್ನೊಬ್ಬನ ದಾರಿಗೆ ಅಡ್ಡ ನಿಲ್ಲುವುದು ಅಪರಾಧ.

ಇದಕ್ಕೂ ಬೆಂಗಳೂರಿನದೇ ಉದಾಹರಣೆಯಿದೆ. ಸ್ತನದ ಕ್ಯಾನ್ಸರಿನ ಒಂದು ಬಗೆಗೆ ಟ್ರಾಸ್ಟುಝುಮ್ಯಾಬ್ ಎಂಬ ಔಷಧವಿದೆ. ಅದು ಸ್ವಿಜರ್ಲೆಂಡಿನ ರೋಶ್ ಕಂಪೆನಿಯದು. ಅದಕ್ಕೆ ಸರಿಸಮನಾದ ಔಷಧವನ್ನು ಬೆಂಗಳೂರಿನ ಬಯೋಕಾನ್ ಸಂಸ್ಥೆ 2014ರಲ್ಲಿ ಮಾರುಕಟ್ಟೆಗೆ ತಂದಿತು. ರೋಶ್ ನ್ಯಾಯಾಲಯಕ್ಕೆ ಹೋಯಿತು. ತಮ್ಮ ಔಷಧದ ಬಗ್ಗೆ ವೈದ್ಯರಲ್ಲಿ, ಆಸ್ಪತ್ರೆಗಳಲ್ಲಿ, ಅಧಿಕಾರಿಗಳಲ್ಲಿ ಅನುಮಾನ ಬಿತ್ತಲಾಗುತ್ತಿದೆ, ವ್ಯಾಜ್ಯಗಳ ಮೂಲಕ ತಮ್ಮನ್ನು ಮಾರುಕಟ್ಟೆಯಿಂದ ದೂರವಿಡುವ ಪ್ರಯತ್ನ ನಡೆಯುತ್ತಿದೆ ಎಂದು ಬಯೋಕಾನ್ ಸ್ಪರ್ಧಾ ಆಯೋಗಕ್ಕೆ ದೂರಿತು. ಮೇಲ್ನೋಟಕ್ಕೆ ಇದರಲ್ಲಿ ಹುರುಳಿದೆಯೆಂದು ಕಂಡು 2017ರ ಏಪ್ರಿಲ್‌ನಲ್ಲಿ ಆಯೋಗ ತನಿಖೆಗೆ ಆದೇಶಿಸಿತು. ತನಿಖೆಗೆ ಆದೇಶವಾಗುವುದೆಂದರೆ ಅಪರಾಧ ಸಾಬೀತಾದಂತಲ್ಲ. ನ್ಯಾಯಾಲಯಕ್ಕೆ ಹೋಗುವುದು ಯಾರದೇ ಹಕ್ಕು. ಹೊಸ ಔಷಧದ ಸುರಕ್ಷಿತತೆಯನ್ನು ಪ್ರಶ್ನಿಸುವುದೂ ಕೆಲವೊಮ್ಮೆ ಕರ್ತವ್ಯವಾಗಬಹುದು. ಇಲ್ಲಿ ನಾವು ಕೇಳಿಕೊಳ್ಳಬೇಕಾದುದು ಉದ್ದೇಶವನ್ನು. ರೋಗಿಯ ಹಿತಕ್ಕಾಗಿ ಎತ್ತಿದ ಅನುಮಾನಕ್ಕೂ, ಎದುರಾಳಿಯನ್ನು ಹೊರಗಟ್ಟಲು ಎತ್ತಿದ ಅನುಮಾನಕ್ಕೂ ಮಾತು ಒಂದೇ ಇರಬಹುದು. ಕರ್ಮಗಳ ಪ್ರತಿಫಲ ಉದ್ದೇಶವನ್ನು ಹೊಂದಿಕೊಂಡಿದೆ ಎಂಬ ಪ್ರವಾದಿ(ಸ) ವಚನವನ್ನು ಬಲ್ಲ ನಮಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾನೂನು ಕಾಗದಪತ್ರಗಳಿಂದ ಉದ್ದೇಶವನ್ನು ಊಹಿಸುತ್ತದೆ. ಅಲ್ಲಾಹನಿಗೆ ಕಾಗದ ಬೇಕಿಲ್ಲ.

ಕಂಡುಹಿಡಿದವನ ಹಕ್ಕು

ಇಲ್ಲಿ ಒಂದು ಬಲವಾದ ಆಕ್ಷೇಪವಿದೆ, ಅದನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಒಂದು ಔಷಧವನ್ನು ಕಂಡುಹಿಡಿಯಲು ವರ್ಷಾನುಗಟ್ಟಲೆ ದುಡಿಮೆ ಬೇಕು, ಅಪಾರ ಹಣ ಬೇಕು. ಹಲವು ಪ್ರಯತ್ನಗಳಲ್ಲಿ ಒಂದು ಫಲಿಸುತ್ತದೆ. ಫಲಿಸಿದ್ದನ್ನು ಮರುದಿನವೇ ಎಲ್ಲರೂ ನಕಲು ಮಾಡಿದರೆ ನಾಳೆ ಯಾರು ಹೊಸ ಮದ್ದು ಹುಡುಕುತ್ತಾರೆ? ಕಂಡುಹಿಡಿದವನ ಬೆವರಿಗೆ ಬೆಲೆಯಿಲ್ಲವೇ?

ಬೆಲೆಯಿದೆ. ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು 1988ರ ಡಿಸೆಂಬರ್‌ನಲ್ಲಿ ಕುವೈತಿನಲ್ಲಿ ಸೇರಿದ ತನ್ನ ಅಧಿವೇಶನದಲ್ಲಿ, ಗ್ರಂಥ, ಆವಿಷ್ಕಾರ, ವ್ಯಾಪಾರನಾಮಗಳ ಮೇಲಿನ ಹಕ್ಕುಗಳನ್ನು ಶರೀಅತ್ ಮಾನ್ಯ ಮಾಡುತ್ತದೆ, ಅವುಗಳ ಮೇಲೆ ಅತಿಕ್ರಮಣ ಸಲ್ಲದು ಎಂದು ನಿರ್ಣಯಿಸಿತು. ಆದ್ದರಿಂದ ಪೇಟೆಂಟ್ ಎಂಬುದೇ ಅನ್ಯಾಯ ಎನ್ನುವುದು ನಮ್ಮ ವಾದವಲ್ಲ.

ಆದರೆ ಸೊತ್ತಿನ ಹಕ್ಕಿಗೆ ಒಂದು ಗಡಿಯಿದೆ ಎಂಬುದನ್ನೂ ಫಿಕ್ಹ್ ನಮಗೆ ಕಲಿಸಿದೆ. ಹಸಿವಿನಿಂದ ಸಾಯುತ್ತಿರುವವನ ಉದಾಹರಣೆಯನ್ನು ನೋಡಿ. ಎದುರಿಗೆ ಒಬ್ಬನ ಬಳಿ ತನ್ನ ಅಗತ್ಯಕ್ಕಿಂತ ಹೆಚ್ಚು ಆಹಾರವಿದೆ. ಅವನು ಕೊಡಲೇಬೇಕು. ಕೊಡದಿದ್ದರೆ ಹಸಿದವನು ತೆಗೆದುಕೊಳ್ಳಬಹುದು. ಆದರೆ ಅವನು ಅದರ ಬೆಲೆ ತೆರುವ ಹೊಣೆಯಿಂದ ಮುಕ್ತನಾಗುವುದಿಲ್ಲ ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಎಂಥ ಸಮತೋಲನ! ಪ್ರಾಣವೂ ಉಳಿಯಿತು, ಒಡೆಯನ ಹಕ್ಕೂ ಉಳಿಯಿತು. ಹೋದದ್ದು ಒಂದೇ, ಸಾಯುವವನಿಂದ ಮನಬಂದಷ್ಟು ಕೀಳುವ ಅಧಿಕಾರ.

ನಮ್ಮ ದೇಶದ 1970ರ ಪೇಟೆಂಟ್ ಕಾಯ್ದೆಯ 84ನೇ ವಿಧಿ ಹೇಳುವ ಕಡ್ಡಾಯ ಪರವಾನಗಿ ಹೆಚ್ಚುಕಡಿಮೆ ಇದೇ. 2012ರ ಮಾರ್ಚ್ 9ರಂದು ಇಂತಹ ಮೊದಲ ಪರವಾನಗಿ ಕೊಡಲಾಯಿತು. ಯಕೃತ್ತು ಮತ್ತು ಮೂತ್ರಪಿಂಡದ ಕ್ಯಾನ್ಸರಿಗೆ ಕೊಡುವ ಸೊರಾಫೆನಿಬ್ ಔಷಧವನ್ನು ಜರ್ಮನಿಯ ಬಾಯರ್ ಕಂಪೆನಿ ತಿಂಗಳಿಗೆ ಸುಮಾರು 2,80,000 ರೂಪಾಯಿಗೆ ಮಾರುತ್ತಿತ್ತು. ಹೈದರಾಬಾದಿನ ನ್ಯಾಟ್ಕೊ ಕಂಪೆನಿ ಅದನ್ನು 9,000 ರೂಪಾಯಿಗೂ ಕಡಿಮೆಗೆ ಕೊಡಲು ಮುಂದೆ ಬಂತು. ಪರವಾನಗಿಯ ಜೊತೆಗೆ ಮಾರಾಟದ ಶೇಕಡಾ 6ರಷ್ಟನ್ನು ಬಾಯರ್‌ಗೆ ರಾಯಧನವಾಗಿ ಕೊಡಬೇಕೆಂದು ನಿಯಮವಾಯಿತು. ಮೇಲ್ಮನವಿಯಲ್ಲಿ ಅದು ಶೇಕಡಾ 7 ಆಯಿತು. ಮುಂಬೈ ಹೈಕೋರ್ಟು ಪರವಾನಗಿಯನ್ನು ಎತ್ತಿಹಿಡಿಯಿತು, 2014ರ ಡಿಸೆಂಬರ್‌ನಲ್ಲಿ ಸುಪ್ರೀಮ್ ಕೋರ್ಟು ಮಧ್ಯಪ್ರವೇಶಿಸಲು ನಿರಾಕರಿಸಿತು. ಹಕ್ಕನ್ನು ಯಾರೂ ಕಸಿಯಲಿಲ್ಲ. ಅದಕ್ಕೆ ಬೆಲೆ ಕೊಡಲಾಯಿತು. ಆದರೆ ಆ ಹಕ್ಕಿನ ಆಚೆ ನಿಂತು ಸಾಯುತ್ತಿದ್ದವರಿಗೂ ಒಂದು ದಾರಿ ತೆರೆಯಿತು.

ತಿಂಗಳಿಗೆ 2,80,000 ಎಲ್ಲಿ, 9,000 ಎಲ್ಲಿ? ಈ ಎರಡರ ನಡುವೆ ಎಷ್ಟು ಮನೆಗಳ ಹೊಲ, ಒಡವೆ, ಮಕ್ಕಳ ಓದು ಕರಗಿಹೋಗಿರಬಹುದು ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ.

ರೂಮಾದ ಬಾವಿ

ಮದೀನಾಕ್ಕೆ ಹಿಜ್ರತ್ ಮಾಡಿ ಬಂದ ಮುಸ್ಲಿಮರಿಗೆ ಸಿಹಿನೀರಿನ ಕಷ್ಟವಿತ್ತು. ರೂಮಾ ಎಂಬ ಬಾವಿಯ ನೀರು ಚೆನ್ನಾಗಿತ್ತು. ಆದರೆ ಅದರ ಒಡೆಯ ನೀರನ್ನು ಮಾರುತ್ತಿದ್ದ. ಬಡವರಿಗೆ ಕೊಳ್ಳುವ ಶಕ್ತಿಯಿರಲಿಲ್ಲ. ಆ ಬಾವಿಯನ್ನು ಕೊಂಡು ಜನರಿಗೆ ಬಿಟ್ಟುಕೊಡುವವನಿಗೆ ಸ್ವರ್ಗವಿದೆಯೆಂದು ಪ್ರವಾದಿವರ್ಯರು(ಸ) ಶುಭವಾರ್ತೆ ನೀಡಿದರು. ಹ. ಉಸ್ಮಾನ್(ರ)ರು ಮುಂದೆ ಬಂದರು.

ಚರಿತ್ರೆಯ ಒಂದು ವರದಿಯ ಪ್ರಕಾರ ಒಡೆಯನು ಪೂರ್ತಿ ಬಾವಿ ಕೊಡಲು ಒಪ್ಪಲಿಲ್ಲ. ಉಸ್ಮಾನ್(ರ)ರು ಅರ್ಧ ಪಾಲು ಕೊಂಡರು. ಒಂದು ದಿನ ಅವರದು, ಒಂದು ದಿನ ಒಡೆಯನದು. ತಮ್ಮ ದಿನದಲ್ಲಿ ಅವರು ನೀರನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟರು. ಜನರು ಎರಡು ದಿನಕ್ಕೆ ಬೇಕಾದ ನೀರನ್ನು ಅಂದೇ ತುಂಬಿಸಿಕೊಳ್ಳತೊಡಗಿದರು. ಒಡೆಯನ ದಿನದಲ್ಲಿ ಬಾವಿಯ ಹತ್ತಿರ ಯಾರೂ ಸುಳಿಯಲಿಲ್ಲ. ಕೊನೆಗೆ ಅವನೇ ಬಂದು ಉಳಿದ ಅರ್ಧವನ್ನೂ ಮಾರಿದ.

ಈ ಘಟನೆಯನ್ನು ನಾವು ದಾನದ ಹಿರಿಮೆಗೆ ಉದಾಹರಣೆಯಾಗಿ ಮದ್ರಸದಲ್ಲಿ ಕೇಳುತ್ತಾ ಬೆಳೆದಿದ್ದೇವೆ. ಅದರಲ್ಲಿ ಇನ್ನೊಂದು ಪಾಠವೂ ಇದೆ. ಅಲ್ಲಿ ಯಾರೂ ಒಡೆಯನ ಮೇಲೆ ಕೈಮಾಡಲಿಲ್ಲ, ಅವನ ಸೊತ್ತನ್ನು ದೋಚಲಿಲ್ಲ. ಅವನ ಪಕ್ಕದಲ್ಲಿ ಇನ್ನೊಂದು ಬಾಗಿಲು ತೆರೆಯಿತು, ಅಷ್ಟೇ. ಏಕಸ್ವಾಮ್ಯದ ಬೆನ್ನೆಲುಬು ಮುರಿಯಲು ಅಷ್ಟು ಸಾಕಾಯಿತು.

ನಮ್ಮ ಕಾಲದಲ್ಲೂ ಇಂತಹ ಬಾಗಿಲುಗಳು ತೆರೆದದ್ದುಂಟು. ಖ್ವಾಜಾ ಅಬ್ದುಲ್ ಹಮೀದ್ 1935ರಲ್ಲಿ ಮುಂಬೈಯಲ್ಲಿ ಸ್ಥಾಪಿಸಿದ ಸಿಪ್ಲಾ ಕಂಪೆನಿಯನ್ನು ಅವರ ಮಗ ಯೂಸುಫ್ ಹಮೀದ್ ಮುನ್ನಡೆಸುತ್ತಿದ್ದ ಕಾಲ. ಆಫ್ರಿಕದಲ್ಲಿ ಏಡ್ಸ್ ರೋಗಿಗಳು ಸಾಲುಸಾಲಾಗಿ ಸಾಯುತ್ತಿದ್ದರು. ಒಬ್ಬ ರೋಗಿಯ ವರ್ಷದ ಔಷಧಕ್ಕೆ ಪಾಶ್ಚಾತ್ಯ ಕಂಪೆನಿಗಳ ಬೆಲೆ 10,000 ಡಾಲರಿಗೂ ಹೆಚ್ಚು. 2001ರ ಫೆಬ್ರವರಿಯಲ್ಲಿ ಸಿಪ್ಲಾ ಅದನ್ನು ಒಂದು ಸೇವಾಸಂಸ್ಥೆಗೆ ವರ್ಷಕ್ಕೆ 350 ಡಾಲರಿಗೆ, ಅಂದರೆ ದಿನಕ್ಕೆ ಒಂದು ಡಾಲರಿಗೂ ಕಡಿಮೆಗೆ ಕೊಡುವುದಾಗಿ ಸಾರಿತು. ಅನಂತರ ಇತರರ ಬೆಲೆಗಳೂ ಇಳಿಯತೊಡಗಿದವು. ಸಿಪ್ಲಾ ಧರ್ಮಸಂಸ್ಥೆಯೇನಲ್ಲ, ಲಾಭಕ್ಕಾಗಿ ನಡೆಯುವ ಕಂಪೆನಿಯೇ. ಆದರೆ ಎರಡನೇ ಬಾಗಿಲಿನ ಶಕ್ತಿ ಎಂಥದೆಂಬುದು ಅಂದು ಜಗತ್ತಿಗೆ ತಿಳಿಯಿತು.

ಆದರೂ ಸ್ಪರ್ಧೆಯೊಂದೇ ಎಲ್ಲ ರೋಗಕ್ಕೂ ಮದ್ದಲ್ಲ. ಶಿವಮೊಗ್ಗ ಜಿಲ್ಲೆಯವರಿಗೆ ಇದು ಚೆನ್ನಾಗಿ ಗೊತ್ತಿರಬೇಕು. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಇಂದಿಗೂ ಮಲೆನಾಡಿನ ಬಡವರನ್ನು ಬಿಟ್ಟಿಲ್ಲ. ಸೌದೆಗೆ, ದರಗಿಗೆ ಕಾಡಿಗೆ ಹೋದವರನ್ನು ಉಣ್ಣೆ ಕಚ್ಚುತ್ತದೆ, ಜ್ವರ ಬರುತ್ತದೆ. ಸರಕಾರಿ ಸಂಸ್ಥೆಯಲ್ಲಿ ತಯಾರಾಗುತ್ತಿದ್ದ ಹಳೆಯ ಲಸಿಕೆಯ ಬಳಕೆ, ಪರಿಣಾಮ ಸಾಲದೆಂದು ಈ ದಶಕದ ಆರಂಭದಲ್ಲಿ ನಿಂತುಹೋಯಿತು. ಅರುವತ್ತು ವರ್ಷಗಳಲ್ಲಿ ಇದಕ್ಕೊಂದು ನಿಶ್ಚಿತ ಮದ್ದು ಬರಲಿಲ್ಲವೇಕೆ? ರೋಗಿಗಳು ಕಡಿಮೆ, ಇರುವವರು ಬಡವರು. ಕೊಳ್ಳುವ ಶಕ್ತಿಯಿಲ್ಲದವರು ಮಾರುಕಟ್ಟೆಯ ಲೆಕ್ಕದಲ್ಲಿ ಇಲ್ಲದವರೇ. ಇಂಥಲ್ಲಿ ಯಾವ ಸ್ಪರ್ಧಾ ಆಯೋಗವೂ ಏನೂ ಮಾಡಲಾರದು. ಇಮಾಮ್ ಗಝ್ಝಾಲಿ(ರ)ಯವರು ವೈದ್ಯವಿದ್ಯೆಯನ್ನು ಫರ್ಝ್ ಕಿಫಾಯಾಗಳಲ್ಲಿ ಎಣಿಸಿದ್ದಾರೆ. ಅಂದರೆ ಯಾರೂ ಮಾಡದಿದ್ದರೆ ಇಡೀ ಸಮುದಾಯವೇ ಪಾಪದಲ್ಲಿ ಪಾಲುದಾರ. ಮಾರುಕಟ್ಟೆ ಕೈಬಿಟ್ಟಲ್ಲಿ ಸಮಾಜದ ಮತ್ತು ಸರಕಾರದ ಹೊಣೆ ಆರಂಭವಾಗುತ್ತದೆ.

ನಮ್ಮ ಪಾಲು

ಇಷ್ಟೆಲ್ಲ ಓದಿದ ಮೇಲೆ, ಇದು ದೊಡ್ಡ ಕಂಪೆನಿಗಳ ವಿಷಯ, ನಮಗೇನು ಎಂದು ನೀವು ಪತ್ರಿಕೆ ಮಡಚಿಡಬಹುದು. ಸ್ವಲ್ಪ ತಾಳಿ.

ನಮ್ಮ ಎಷ್ಟೋ ಮನೆಗಳ ಮಕ್ಕಳು ಫಾರ್ಮಸಿ ಓದುತ್ತಿದ್ದಾರೆ, ಮೆಡಿಕಲ್ ಶಾಪ್ ನಡೆಸುತ್ತಿದ್ದಾರೆ, ಕಂಪೆನಿಗಳ ಪ್ರತಿನಿಧಿಗಳಾಗಿ ಬ್ಯಾಗು ಹಿಡಿದು ಊರೂರು ತಿರುಗುತ್ತಿದ್ದಾರೆ. ವೈದ್ಯರಾದವರೂ ಕಡಿಮೆಯಿಲ್ಲ. 2021ರ ಏಪ್ರಿಲ್ ಮತ್ತು ಮೇ ತಿಂಗಳುಗಳನ್ನು ನೆನಪಿಸಿಕೊಳ್ಳಿ. ಕೋವಿಡ್‌ನ ಎರಡನೇ ಅಲೆಯಲ್ಲಿ ರೆಮ್‌ಡೆಸಿವಿರ್ ಚುಚ್ಚುಮದ್ದಿಗಾಗಿ ಜನರು ಬೀದಿಬೀದಿ ಅಲೆದರು. ಅದನ್ನು ಕಾಳಸಂತೆಯಲ್ಲಿ ಮಾರಿದವರು ವಿದೇಶಿ ಕಂಪೆನಿಗಳ ಮಾಲೀಕರಲ್ಲ. ನಮ್ಮ ನಿಮ್ಮಂತೆಯೇ ಬೀದಿಯಲ್ಲಿ ನಡೆದಾಡುವ ಸಾಮಾನ್ಯರು. ಮಾರುಕಟ್ಟೆಯ ಪ್ರಾಬಲ್ಯವೆಂಬುದು ಕೋಟಿಗಟ್ಟಲೆ ವಹಿವಾಟು ಉಳ್ಳವರಿಗೆ ಮಾತ್ರ ಇರುವುದೆಂದು ತಿಳಿಯಬೇಡಿ. ಊರಿನಲ್ಲಿ ರಾತ್ರಿ ಹತ್ತಕ್ಕೆ ತೆರೆದಿರುವ ಏಕೈಕ ಔಷಧದಂಗಡಿಯವನಿಗೂ ಆ ಹೊತ್ತಿನ ಮಟ್ಟಿಗೆ ಅದೇ ಪ್ರಾಬಲ್ಯವಿದೆ. ಅವನ ಪರೀಕ್ಷೆ ಆಗಲೇ.

ಆದ್ದರಿಂದ ಅಂಗಡಿಯಲ್ಲಿರುವ ಸಹೋದರರೇ, ಅದೇ ಗುಣದ ಕಡಿಮೆ ಬೆಲೆಯ ಔಷಧ ನಿಮ್ಮ ಕಪಾಟಿನಲ್ಲಿದ್ದು, ಹೆಚ್ಚು ಲಾಭವಿರುವುದನ್ನೇ ಮುಂದಿಡುವಾಗ ಒಂದು ಕ್ಷಣ ನಿಮ್ಮ ಕೈಯನ್ನು ತಡೆಯಿರಿ. ವೈದ್ಯರ ಅನುಮತಿಯಿಲ್ಲದೆ ಮದ್ದು ಬದಲಿಸಬೇಡಿ, ಆದರೆ ವೈದ್ಯರನ್ನು ಕೇಳಿ ನೋಡುವಂತೆ ರೋಗಿಗೆ ತಿಳಿಸುವುದಕ್ಕೆ ಏನಡ್ಡಿ? ಸಂಘದ ಸಭೆಯಲ್ಲಿ ಹೊಸಬನ ದಾರಿ ಮುಚ್ಚುವ ಮಾತು ಬಂದಾಗ ಕೈ ಎತ್ತುವ ಮೊದಲು ಯೋಚಿಸಿ. ಎಲ್ಲರೂ ಎತ್ತಿದರು, ನಾನೂ ಎತ್ತಿದೆ ಎಂಬ ಉತ್ತರ ಆಯೋಗದ ಮುಂದೆಯೇ ನಿಲ್ಲದು. ನಾಳೆ ಅಲ್ಲಾಹನ ಮುಂದೆ ನಿಂತೀತೇ?

ವೈದ್ಯರಾದ ಸಹೋದರ ಸಹೋದರಿಯರೇ, ರೋಗಿಯ ಪರವಾಗಿ ಆಯ್ಕೆ ಮಾಡುವ ಅಧಿಕಾರ ನಿಮ್ಮ ಲೇಖನಿಗಿದೆ. ಅದು ಅಮಾನತ್ತು. ಕಂಪೆನಿಯ ಕೊಡುಗೆ ಪಡೆದು ಬರೆದ ಚೀಟಿಯ ಬೆಲೆಯನ್ನು ಕೊಡುವವರು ಕಂಪೆನಿಯವರಲ್ಲ, ಬಸ್ಸಿನಲ್ಲಿ ಬಂದ ಆ ತಾಯಿ.

ಇನ್ನು ನಮ್ಮಂತಹ ಸಾಮಾನ್ಯರು ತಿಳಿವಳಿಕೆಯನ್ನು ಬೆಳೆಸಿಕೊಳ್ಳಬೇಕು. ಔಷಧದ ಮೂಲ ಹೆಸರೇನು, ಅದೇ ಔಷಧ ಬೇರೆ ಹೆಸರಿನಲ್ಲಿ ಕಡಿಮೆಗೆ ಸಿಗುತ್ತದೆಯೇ ಎಂದು ಕೇಳುವುದಕ್ಕೆ ಸಂಕೋಚ ಬೇಡ. 2008ರಲ್ಲಿ ಆರಂಭವಾದ ಜನೌಷಧಿ ಯೋಜನೆಯ ಅಂಗಡಿಗಳು ಇರುವುದು ಅದಕ್ಕಾಗಿಯೇ. ಅತ್ಯಗತ್ಯ ಔಷಧಗಳಿಗೆ 2013ರ ಔಷಧ ಬೆಲೆ ನಿಯಂತ್ರಣ ಆದೇಶದಂತೆ ಗರಿಷ್ಠ ಬೆಲೆಯ ಮಿತಿಯಿದೆ, ಮುದ್ರಿತ ಬೆಲೆಗಿಂತ ಹೆಚ್ಚು ಕೇಳುವ ಹಕ್ಕು ಯಾರಿಗೂ ಇಲ್ಲ. ಅನ್ಯಾಯದ ಕೂಟ ಕಂಡುಬಂದರೆ ಸ್ಪರ್ಧಾ ಆಯೋಗಕ್ಕೆ ಮಾಹಿತಿ ಕೊಡುವ ಹಕ್ಕು ವ್ಯಾಪಾರಿಗೆ ಮಾತ್ರವಲ್ಲ, ಗ್ರಾಹಕನಿಗೂ ಇದೆ.

ಕೊನೆಯದಾಗಿ ಒಂದು ಮಾತು. ನಮ್ಮ ಮಸೀದಿಗಳಿಗೆ ನೆಲಹಾಸು, ಫ್ಯಾನು, ಬಣ್ಣಕ್ಕಾಗಿ ನಾವು ಮನಸ್ಸು ಬಿಚ್ಚಿ ಕೊಡುತ್ತೇವೆ. ಒಳ್ಳೆಯದೇ. ಆದರೆ ಮೊಹಲ್ಲಾದಲ್ಲಿ ಪ್ರತಿ ತಿಂಗಳು ಸಕ್ಕರೆ ಕಾಯಿಲೆಯ, ರಕ್ತದೊತ್ತಡದ ಮಾತ್ರೆ ಕೊಳ್ಳಲಾರದೆ ಅರ್ಧ ಮಾತ್ರೆ ನುಂಗುವವರು ಎಷ್ಟು ಮಂದಿ ಎಂದು ಎಂದಾದರೂ ಎಣಿಸಿದ್ದೇವೆಯೇ? ಅವರಲ್ಲಿ ಅರ್ಹರಿಗೆ ಝಕಾತ್‌ನಿಂದ, ಉಳಿದವರಿಗೆ ಸದಕಾದಿಂದ ಮದ್ದಿನ ನಿಧಿಯೊಂದನ್ನು ಪ್ರತಿ ಊರಲ್ಲೂ ಸ್ಥಾಪಿಸಬಾರದೇಕೆ? ಅದು ಮುಸ್ಲಿಮರಿಗೆ ಮಾತ್ರ ಸೀಮಿತವಾಗಬೇಕಿಲ್ಲ. ಉಸ್ಮಾನ್(ರ)ರ ಬಾವಿಯಲ್ಲಿ ನೀರು ಸೇದಿದವರ ಧರ್ಮವನ್ನು ಯಾರೂ ಕೇಳಿರಲಾರರು.

ಆ ತಾಯಿ ಸಂಜೆಯ ಬಸ್ಸಿಗೆ ತ್ಯಾವರೆಕೊಪ್ಪಕ್ಕೆ ಮರಳುತ್ತಾಳೆ. ಕೈಯಲ್ಲಿ ಮದ್ದಿನ ಪೊಟ್ಟಣ. ಸೆರಗಿನ ಗಂಟು ಬಿಚ್ಚಿದೆ. ಆಕೆ ಯಾರನ್ನೂ ದೂರುವುದಿಲ್ಲ, ಯಾವ ಆಯೋಗದ ಹೆಸರನ್ನೂ ಕೇಳಿಲ್ಲ. ಆದರೆ ಮರ್ದಿತನ ಮೊರೆಗೂ ಅಲ್ಲಾಹನಿಗೂ ನಡುವೆ ತೆರೆಯಿಲ್ಲವೆಂದು ಪ್ರವಾದಿ(ಸ)ಯವರು ನಮ್ಮನ್ನು ಎಚ್ಚರಿಸಿದ್ದಾರೆ. ಆಕೆ ಕೊಟ್ಟ ಹಣದಲ್ಲಿ ನ್ಯಾಯವಾದ ಬೆಲೆ ಎಷ್ಟು, ಆಕೆಯ ನಿರುಪಾಯಕ್ಕೆ ವಿಧಿಸಿದ ಸುಂಕ ಎಷ್ಟು ಎಂಬ ಲೆಕ್ಕ ಎಲ್ಲಿಯೋ ಬರೆದಿಡಲ್ಪಡುತ್ತಿದೆ. ಆ ಸುಂಕದ ಒಂದು ಬಿಲ್ಲೆಯೂ ನಮ್ಮ ಮನೆಯ ಅನ್ನದಲ್ಲಿ ಬೆರೆಯದಂತೆ ಅಲ್ಲಾಹನು ನಮ್ಮೆಲ್ಲರನ್ನೂ ಕಾಪಾಡಲಿ.